ರೇಷನ್ ಕೂಪನ್‌ಗೊಂದು ಶ್ರದ್ಧಾಂಜಲಿ: ಹಳೇ ಬ್ರಿಟಿಷ್ ಕಾಮಿಡಿಗಳು ಯಾಕಿಷ್ಟು ಹಿಡಿಸುತ್ತವೆ?

ಇವತ್ತು ಒಂದು ಸಿನಿಮಾದ ಟೈಟಲ್ ಕಾರ್ಡ್‌ನಿಂದಲೇ ಶುರು ಮಾಡ್ತೀನಿ. ಕಪ್ಪು-ಬಿಳುಪು ಪರದೆ. ‘ಇವರ ನೆನಪಿಗೆ ಅರ್ಪಣೆ’ ಅನ್ನೋ ಅರ್ಥದ ಒಂದು ಸಾಲು ಬರುತ್ತೆ. ಪಾಪ, ಯಾರು ತೀರಿಕೊಂಡ್ರೋ ಅಂತ ನೋಡಿದ್ರೆ, ಹಾರದ ಮಧ್ಯೆ ಇರೋದು ರೇಷನ್ ಕೂಪನ್!

ಸಿನಿಮಾದ ಹೆಸರು ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’. 1949ರ ಏಪ್ರಿಲ್‌ನಲ್ಲಿ ಬಂದಿದ್ದು. ಮೊದಲ ಸಲ ನೋಡಿದಾಗ ಇದೊಂದು ಜೋಕ್ ಅಂತ ನಕ್ಕು ಮುಂದೆ ಹೋಗಿದ್ದೆ. ಆಮೇಲೆ ಆ ಕಾಲದ ಲೆಕ್ಕ ತೆಗೆದು ನೋಡಿದೆ. ಬಿಕಾಂ ಓದಿದವರ ಚಟ, ಏನ್ಮಾಡೋದು. ಬ್ರಿಟನ್‌ನಲ್ಲಿ ಆಹಾರದ ರೇಷನ್ ಶುರುವಾಗಿದ್ದು 1940ರ ಜನವರಿಯಲ್ಲಿ. ಯುದ್ಧ ಮುಗಿದಿದ್ದು 1945ರಲ್ಲಿ. ಆದರೆ ರೇಷನ್ ಪೂರ್ತಿ ನಿಂತಿದ್ದು ಯಾವಾಗ ಗೊತ್ತಾ? 1954ರ ಜುಲೈನಲ್ಲಿ! ಗೆದ್ದ ದೇಶ, ಒಂಬತ್ತು ವರ್ಷ ಆದ್ಮೇಲೂ ಮಾಂಸಕ್ಕೆ ರೇಷನ್ ಪುಸ್ತಕ ಹಿಡಿದು ಕ್ಯೂ ನಿಂತಿತ್ತು. ಯುದ್ಧದುದ್ದಕ್ಕೂ ರೇಷನ್ ಇಲ್ಲದಿದ್ದ ಬ್ರೆಡ್‌ಗೆ ಯುದ್ಧ ಮುಗಿದ ಮೇಲೆ, 1946ರಲ್ಲಿ, ರೇಷನ್ ಬಂತು. ಬಟ್ಟೆಯ ರೇಷನ್ ಹೋಗಿದ್ದು 1949ರ ಮಾರ್ಚ್‌ನಲ್ಲಿ, ಅಂದ್ರೆ ಈ ಸಿನಿಮಾ ಬರೋಕೆ ಸುಮಾರು ಒಂದು ತಿಂಗಳು ಮುಂಚೆ. ಮಿಠಾಯಿ, ಚಾಕೊಲೇಟ್ ಮೇಲಿನ ರೇಷನ್ನೂ ಅದೇ ಏಪ್ರಿಲ್‌ನಲ್ಲಿ ತೆಗೆದರು. ಜನ ಹೇಗೆ ಮುಗಿಬಿದ್ದರು ಅಂದ್ರೆ, ಆಗಸ್ಟ್‌ನಲ್ಲಿ ಮತ್ತೆ ಹಾಕಬೇಕಾಯ್ತು.

ಈಗ ಆ ಕೂಪನ್‌ನ ಶ್ರದ್ಧಾಂಜಲಿ ಇನ್ನೊಂದು ಸಲ ನೋಡಿ. ನಾವು ಇವತ್ತು ಈ ಸಿನಿಮಾಗಳನ್ನ ‘ನಾಸ್ಟಾಲ್ಜಿಯಾ’ ಅಂತ ನೋಡ್ತೀವಿ. ಆದರೆ ಆ ನಾಸ್ಟಾಲ್ಜಿಯಾ ಸಿನಿಮಾ ಹುಟ್ಟಿದ ದಿನವೇ ಅದರೊಳಗೆ ಇತ್ತು. ಕಷ್ಟ ಇನ್ನೂ ಮನೆ ಬಾಗಿಲು ದಾಟಿಲ್ಲ, ಆಗಲೇ ಅದರ ನೆನಪಿಗೆ ಹಾರ ಹಾಕ್ತಿದ್ದಾರೆ.

ಇದನ್ನ ಮಾಡಿದ್ದು ಪಶ್ಚಿಮ ಲಂಡನ್ನಿನ ಈಲಿಂಗ್ ಸ್ಟುಡಿಯೊ. ಮುಖ್ಯಸ್ಥ ಮೈಕೆಲ್ ಬಾಲ್ಕನ್. 1949ರ ಏಪ್ರಿಲ್‌ನಿಂದ ಜೂನ್ ಒಳಗೆ ಇಲ್ಲಿಂದ ಮೂರು ಕಾಮಿಡಿ ಬಂದವು: ಪಿಮ್ಲಿಕೊ, ‘ವಿಸ್ಕಿ ಗಲೋರ್’, ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’. ಮೂರೂ ಇವತ್ತಿಗೂ ಓಡುತ್ತಿವೆ.

ಪಿಮ್ಲಿಕೊ ಕಥೆ ಹೇಳ್ತೀನಿ. ಎಪ್ಪತ್ತು ವರ್ಷ ದಾಟಿದ ಸಿನಿಮಾ, ಸ್ಪಾಯ್ಲರ್ ಅಂತ ಬೈಬೇಡಿ. ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದಿದ್ದ ಒಂದು ಬಾಂಬ್ ಸಿಡಿಯುತ್ತೆ. ಕೆಳಗೆ ನಿಧಿ, ಜೊತೆಗೊಂದು ಹಳೇ ದಾಖಲೆ. ನಾಲ್ಕನೇ ಎಡ್ವರ್ಡ್ ರಾಜ ಈ ಜಾಗವನ್ನ ಬರ್ಗಂಡಿಯ ಡ್ಯೂಕ್‌ಗೆ ಕೊಟ್ಟುಬಿಟ್ಟಿದ್ದ, ಅದನ್ನ ಯಾರೂ ರದ್ದು ಮಾಡೇ ಇಲ್ಲ. ಅಂದ್ರೆ ಕಾನೂನು ಪ್ರಕಾರ ಈ ಬೀದಿ ಬ್ರಿಟನ್ನೇ ಅಲ್ಲ! ಪಬ್‌ನಲ್ಲಿ ಜನ ರೇಷನ್ ಪುಸ್ತಕ ಹರಿದು ಎಸೀತಾರೆ. ಬೆಳಗಾಗೋದ್ರೊಳಗೆ ಲಂಡನ್ನಿನ ಕಾಳಸಂತೆಯವರೆಲ್ಲ ಕೂಪನ್ ಇಲ್ಲದ ಮಾಲು ಹೊತ್ತು ಅಲ್ಲಿಗೆ ನುಗ್ಗುತ್ತಾರೆ. ಸರ್ಕಾರ ಮುಳ್ಳುತಂತಿ ಹಾಕಿ ಗಡಿ ಮುಚ್ಚುತ್ತೆ. ಬೀದಿಯವರು ಸುಮ್ನಿರ್ತಾರಾ? ತಮ್ಮ ನೆಲದಡಿ ಹೋಗೋ ಟ್ಯೂಬ್ ರೈಲು ನಿಲ್ಲಿಸಿ ಪ್ರಯಾಣಿಕರ ಪಾಸ್‌ಪೋರ್ಟ್ ಕೇಳ್ತಾರೆ. ಸರ್ಕಾರ ನೀರು ನಿಲ್ಲಿಸುತ್ತೆ, ಕರೆಂಟ್ ಕಟ್ ಮಾಡುತ್ತೆ. ಆಗ ಲಂಡನ್ ಜನ ಬೇಲಿಯಾಚೆಯಿಂದ ತಿಂಡಿ ಎಸೀತಾರೆ, ಹೆಲಿಕಾಪ್ಟರ್‌ನಿಂದ ಪೈಪಿನಲ್ಲಿ ಹಾಲು ಇಳಿಯುತ್ತೆ, ಪ್ಯಾರಾಚೂಟ್ ಕಟ್ಕೊಂಡು ಒಂದು ಹಂದಿ ಇಳಿಯುತ್ತೆ. ಆ ಹಂದಿ ನೋಡಿ ಆಗಿನ ಪ್ರೇಕ್ಷಕರು ನಕ್ಕಿದ್ದರ ಹಿಂದೆ ಇನ್ನೊಂದು ಕಾರಣ ಇತ್ತು. ಅದೇ ವೇಳೆ ಬರ್ಲಿನ್ ದಿಗ್ಬಂಧನದಲ್ಲಿತ್ತು, ಅಲ್ಲಿಗೆ ವಿಮಾನದಲ್ಲೇ ಆಹಾರ ಹೋಗ್ತಿತ್ತು.

ಜಗಳ ಮುಗಿಯೋದು ಹೇಗೆ ಅನ್ನೋದು ನನಗೆ ತುಂಬಾ ಇಷ್ಟ. ಯುದ್ಧವೂ ಇಲ್ಲ, ಭಾಷಣವೂ ಇಲ್ಲ. ಬೀದಿಯ ಬ್ಯಾಂಕ್ ಮ್ಯಾನೇಜರ್‌ಗೆ ಐಡಿಯಾ ಬರುತ್ತೆ: ನಿಧಿಯನ್ನ ಬ್ರಿಟನ್‌ಗೆ ಸಾಲ ಕೊಟ್ಟುಬಿಡೋಣ! ಎಲ್ಲರೂ ಮತ್ತೆ ಬ್ರಿಟಿಷರಾಗ್ತಾರೆ. ಬೀದಿಯಲ್ಲಿ ಊಟದ ಮೇಜು ಹಾಕ್ತಾರೆ, ಹೊಸ ರೇಷನ್ ಪುಸ್ತಕ ಹಂಚ್ತಾರೆ. ಅಷ್ಟು ಹೊತ್ತು ಉರೀತಿದ್ದ ಬಿಸಿಲು ಹೋಗಿ ಮಳೆ ಸುರಿಯುತ್ತೆ.

ಈ ಕೊನೆಯ ಬಗ್ಗೆ ನನಗೆ ಅನುಮಾನ ಇದೆ. ಸ್ವಾತಂತ್ರ್ಯ ಸಿಕ್ಕರೆ ಕಾಳಸಂತೆ ಬರುತ್ತೆ, ಅದಕ್ಕೆ ಸುಮ್ನೆ ಕ್ಯೂನಲ್ಲೇ ನಿಂತಿರಿ ಅಂತ ಹೇಳ್ತಿದೆಯಾ? ಸ್ವಲ್ಪ ಹೌದು. ಆದರೆ ಸರ್ಕಾರ ಬೇಲಿ ಹಾಕಿದಾಗ ಊಟ ಎಸೆದಿದ್ದು ಪಕ್ಕದ ಬೀದಿಯವರು ಅನ್ನೋದನ್ನೂ ಅದೇ ಸಿನಿಮಾ ತೋರಿಸುತ್ತೆ. ಜನ ನೆನೆಸಿಕೊಂಡು ಕಣ್ಣು ಒದ್ದೆ ಮಾಡ್ಕೊಂಡಿದ್ದು ಹಸಿವಿಗಲ್ಲ, ಆ ಪಕ್ಕದ ಬೀದಿಗೆ. ಶೂಟಿಂಗ್ ನಡೆದಿದ್ದು ನದಿಯಾಚೆ ಲ್ಯಾಂಬೆತ್‌ನಲ್ಲಿ, ನಿಜವಾಗ್ಲೂ ಬಾಂಬ್ ಬಿದ್ದು ಬಯಲಾಗಿದ್ದ ಜಾಗದಲ್ಲಿ. ಅಂದ್ರೆ ನಗುವ ಪಾತ್ರಗಳ ಹಿಂದೆ ಕಾಣೋ ಖಾಲಿ ಜಾಗ ಅಸಲಿ.

ಹಾಗಂತ ಇವೆಲ್ಲ ಬರೀ ಮುಗ್ಧ ಸಿನಿಮಾಗಳು ಅಂದ್ಕೋಬೇಡಿ. ‘ಕೈಂಡ್ ಹಾರ್ಟ್ಸ್’ನಲ್ಲಿ ಅಲೆಕ್ ಗಿನ್ನೆಸ್ ಒಬ್ಬನೇ ಒಂದು ಶ್ರೀಮಂತ ಮನೆತನದ ಎಂಟು ಜನ ಆಗ್ತಾನೆ, ಅದರಲ್ಲಿ ಒಬ್ಬಳು ಹೆಂಗಸು. ಪದವಿಗಾಗಿ ಅವರನ್ನ ಮುಗಿಸ್ತಾ ಹೋಗೋ ಕೊಲೆಗಾರನ ಪರವಾಗಿ ನಾವು ಕೂತಿರ್ತೀವಿ. ಅದೇ ಸಿನಿಮಾದ ಒಂದು ಮಕ್ಕಳ ಪದ್ಯದಲ್ಲಿ ಕಪ್ಪು ಜನರನ್ನ ಹೀನಾಯವಾಗಿ ಕರೆಯೋ ಪದ ಬರುತ್ತೆ. ಅಮೆರಿಕದ ಪ್ರತಿಯಲ್ಲಿ ಅದನ್ನ ಬದಲಾಯಿಸಿದ್ರು. ಇವತ್ತು ಕೇಳಿದ್ರೆ ನಗು ಗಂಟಲಲ್ಲೇ ನಿಲ್ಲುತ್ತೆ, ನಿಲ್ಲಲೂಬೇಕು.

ಕಾಮರ್ಸ್‌ನವರು ನೋಡಲೇಬೇಕಾದದ್ದು 1951ರ ‘ದ ಮ್ಯಾನ್ ಇನ್ ದ ವೈಟ್ ಸೂಟ್’. ಒಬ್ಬ ಹುಚ್ಚು ಸಂಶೋಧಕ ಹರಿಯದ, ಕೊಳೆಯಾಗದ ಬಟ್ಟೆ ಕಂಡುಹಿಡೀತಾನೆ. ಬಟ್ಟೆ ಹರಿಯದಿದ್ರೆ ಮತ್ತೆ ಕೊಳ್ಳೋರು ಯಾರು? ಮಿಲ್ ಮಾಲೀಕರು, ಕಾರ್ಮಿಕರು ಎಲ್ಲ ಒಂದಾಗಿ ಅವನನ್ನ ಅಟ್ಟಿಸ್ಕೊಂಡು ಹೋಗ್ತಾರೆ. ನಡುವೆ ಬಟ್ಟೆ ಒಗೆದು ಬದುಕೋ ಒಬ್ಬ ಅಜ್ಜಿ ಅವನನ್ನ ತಡೆದು ಕೇಳ್ತಾಳೆ: ನಿನ್ನಂಥವರು ಯಾಕಪ್ಪ ಎಲ್ಲದಕ್ಕೂ ಕೈ ಹಾಕ್ತೀರಿ, ಒಗೆಯೋಕೆ ಬಟ್ಟೆಯೇ ಇಲ್ಲದಿದ್ರೆ ನನ್ನ ಗತಿ ಏನು, ಅನ್ನೋ ಅರ್ಥದಲ್ಲಿ. ಅವನ ಹತ್ರ ಉತ್ತರ ಇಲ್ಲ. ಹೊಸ ಟೆಕ್ನಾಲಜಿ, ಹೋಗೋ ಕೆಲಸ ಅಂತ ನಾವು ದಿನಾ ಫೋನಲ್ಲಿ ಓದೋದು ಅಷ್ಟೇ ತಾನೆ?

1955ರಲ್ಲಿ ‘ದ ಲೇಡಿಕಿಲ್ಲರ್ಸ್’ ಬಂತು, ಅದೇ ವರ್ಷ ಬಾಲ್ಕನ್ ಸ್ಟುಡಿಯೊವನ್ನ ಬಿಬಿಸಿಗೆ ಮಾರಿದ. ರೇಷನ್ ಮುಗಿದು ಆಗ ಒಂದು ವರ್ಷ.

ನೋಡೋದಾದ್ರೆ ಪಿಮ್ಲಿಕೊದಿಂದ ಶುರು ಮಾಡಿ. ಬರೀ 84 ನಿಮಿಷ, ಮೆಟ್ರೊದಲ್ಲಿ ಹೋಗಿ ಬರೋದ್ರಲ್ಲಿ ಮುಗಿಯುತ್ತೆ. ಮಾತು ಬಹಳ ಫಾಸ್ಟ್, ಸಬ್‌ಟೈಟಲ್ ಆನ್ ಇರಲಿ. ಶುರುವಿನ ಆ ಕೂಪನ್ ಮಾತ್ರ ಫಾರ್ವರ್ಡ್ ಮಾಡ್ಬೇಡಿ.