ಲೈಟರಿಗೆ ಯಾವ ಎಣ್ಣೆ?

ಬತ್ತಿ ಇರುವ ಜೇಬು ಲೈಟರಿಗೆ ಸೀಮೆಎಣ್ಣೆ ತುಂಬಿ ಗಾಲಿ ತಿರುಗಿಸಿದರೆ ಕಿಡಿ ಚೆನ್ನಾಗಿಯೇ ಹಾರುತ್ತದೆ, ಬತ್ತಿ ಮಾತ್ರ ಹತ್ತುವುದಿಲ್ಲ. ಅದೇ ಬತ್ತಿಗೆ ಕಡ್ಡಿ ಗೀರಿ ಹಿಡಿದರೆ ತುಸು ತಡೆದು ಹೊತ್ತಿಕೊಂಡು, ಚಿಮಣಿ ಬುಡ್ಡಿಯ ಹಾಗೆ ಮಸಿ ಕಾರುತ್ತಾ ಉರಿಯುತ್ತದೆ. ಲೈಟರ್ ಹಚ್ಚುವುದಕ್ಕೇ ಬೆಂಕಿಪೊಟ್ಟಣ ಬೇಕು ಅಂದರೆ ಲೈಟರ್ ಯಾತಕ್ಕೆ?

ಕಿಡಿಯಲ್ಲಿ ಬಿಸಿ ಕಡಿಮೆ ಎಂದು ಹೀಗಾಗುವುದಲ್ಲ. ಲೈಟರಿನ ‘ಕಲ್ಲು’ ಎಂದು ನಾವು ಕರೆಯುವುದು ನಿಜವಾಗಿ ಸೀರಿಯಮ್ ಮತ್ತು ಕಬ್ಬಿಣ ಬೆರೆತ ಮಿಶ್ರಲೋಹ. ಆಸ್ಟ್ರಿಯದ ರಸಾಯನವಿಜ್ಞಾನಿ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಉಕ್ಕಿನ ಗಾಲಿ ಇದನ್ನು ಕೆರೆದಾಗ ಏಳುವ ಚೂರುಗಳು ಗಾಳಿಗೆ ಸೋಕಿದೊಡನೆ ತಾವೇ ಹತ್ತಿ ಉರಿಯುತ್ತವೆ. ಅವುಗಳ ತಾಪ ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಎಷ್ಟೋ ಮೇಲೆ. ಆದರೆ ಚೂರು ತೀರಾ ಸಣ್ಣದು, ಅದರ ಆಯುಷ್ಯ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಎಣ್ಣೆಯನ್ನು ಕಾಯಿಸಿ ಆವಿ ಎಬ್ಬಿಸುವಷ್ಟು ಶಾಖ ಅದರ ಬಳಿ ಇರುವುದಿಲ್ಲ. ಉರಿಯುವುದು ದ್ರವವಲ್ಲ, ಅದರ ಮೇಲೆ ತೇಲುವ ಆವಿ. ಆ ಆವಿ ಮೊದಲೇ ಎದ್ದು ಸಿದ್ಧವಾಗಿದ್ದರಷ್ಟೇ ಕಿಡಿಯಿಂದ ಕೆಲಸವಾಗುತ್ತದೆ.

ಒಂದು ದ್ರವ ಹೊತ್ತಿಕೊಳ್ಳುವಷ್ಟು ಆವಿ ಕೊಡಲು ಕನಿಷ್ಠ ಎಷ್ಟು ಬೆಚ್ಚಗಿರಬೇಕೋ ಅದೇ ಅದರ ಫ್ಲ್ಯಾಶ್ ಪಾಯಿಂಟ್. ಸೀಮೆಎಣ್ಣೆಗೆ ಇದು 35ರಿಂದ 40 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಮೇಲೆ. ಡೀಸೆಲ್ಲಿಗೆ ಸಾಮಾನ್ಯವಾಗಿ ಇನ್ನೂ ಹೆಚ್ಚು. ಶುದ್ಧ ಎಥನಾಲಿಗೆ ಸುಮಾರು 13. ಪೆಟ್ರೋಲಿಗಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೆ! ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ ಸೀಮೆಎಣ್ಣೆ ಲೈಟರ್ ಮುಷ್ಕರ ಹೂಡುವುದಕ್ಕೆ ಇಷ್ಟೇ ಕಾರಣ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಸೀಮೆಎಣ್ಣೆಯೂ ಈ ಗೆರೆಯನ್ನು ದಾಟಬಹುದು. ಹಾಗೆಂದು ಬೇಸಿಗೆಗೊಂದು ಲೈಟರ್, ಚಳಿಗಾಲಕ್ಕೊಂದು ಲೈಟರ್ ಇಟ್ಟುಕೊಳ್ಳುವವರು ಯಾರೂ ಇಲ್ಲವಲ್ಲ. ಅಮೆರಿಕದಲ್ಲಿ ಇದ್ದಿಲು ಒಲೆ ಹೊತ್ತಿಸಲು ಮಾರುವ ದ್ರವದ ಡಬ್ಬಿಯ ಮೇಲೂ ‘ಲೈಟರ್ ಫ್ಲೂಯಿಡ್’ ಎಂದೇ ಬರೆದಿರುತ್ತದೆ. ಅದು ಸೀಮೆಎಣ್ಣೆಯ ಜಾತಿಯದು. ಹೆಸರು ನಂಬಿ ಅದನ್ನು ಜೇಬು ಲೈಟರಿಗೆ ಸುರಿದವರಿಗೂ ಇದೇ ಗತಿ.

ಬತ್ತಿ ಲೈಟರುಗಳಲ್ಲಿ ಹೆಸರಾದದ್ದು ಜಿಪ್ಪೊ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರ್ಯಾಡ್‌ಫರ್ಡ್ ಊರಿನಲ್ಲಿ ಜಾರ್ಜ್ ಬ್ಲೇಸ್‌ಡೆಲ್ 1933ರಲ್ಲಿ ಮಾರಾಟಕ್ಕೆ ತಂದ ಇದರ ವಿನ್ಯಾಸ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಹೊರಕವಚದಿಂದ ಒಳಭಾಗವನ್ನು ಎಳೆದು ತಳದ ಫೆಲ್ಟ್ ತುಂಡನ್ನು ಎತ್ತಿದರೆ ಒತ್ತಾಗಿ ತುರುಕಿದ ಹತ್ತಿಯಂಥ ಉಂಡೆಗಳು ಕಾಣುತ್ತವೆ. ಎಣ್ಣೆ ತುಂಬುವುದು ಟ್ಯಾಂಕಿಗಲ್ಲ, ಆ ಉಂಡೆಗಳಿಗೆ. ಅವುಗಳ ನಡುವೆ ಹಾವಿನಂತೆ ಸುತ್ತಿಕೊಂಡ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುತ್ತದೆ. ಮೇಲೆ ತೂತುಗಳಿರುವ ಗಾಳಿತಡೆ. ಇದಕ್ಕೆಂದೇ ಮಾರುವುದು ಹಗುರ ನ್ಯಾಫ್ತಾ. ಕಚ್ಚಾತೈಲ ಬಟ್ಟಿ ಇಳಿಸಿದಾಗ ಸಿಗುವ ಈ ಭಾಗದಿಂದ ಗಂಧಕವನ್ನೂ ಬೆಂಜೀನಿನಂಥ ಘಾಟಿನ ಅಂಶಗಳನ್ನೂ ಆದಷ್ಟು ತೆಗೆದಿರುತ್ತಾರೆ. ಬೇಗ ಆವಿಯಾಗುತ್ತದೆ, ಹೆಚ್ಚು ಮಸಿ ಬಿಡುವುದಿಲ್ಲ.

ನ್ಯಾಫ್ತಾ ಸಿಗದಿದ್ದಾಗ ಎಲ್ಲರಿಗೂ ನೆನಪಾಗುವುದು ಪೆಟ್ರೋಲ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಜೀಪಿಗೆ ಹಾಕುವ ಪೆಟ್ರೋಲನ್ನೇ ಲೈಟರಿಗೂ ಹಾಕಿಕೊಳ್ಳುತ್ತಿದ್ದರು. ಹತ್ತುವ ವಿಷಯದಲ್ಲಿ ಪೆಟ್ರೋಲಿನ ಮೇಲೆ ದೂರಿಲ್ಲ. ತಕರಾರು ಇರುವುದು ಅದರೊಳಗೆ ಏನೇನಿದೆ ಎಂಬುದರಲ್ಲಿ. ನಮ್ಮ ಬಿಎಸ್-6 ಮಾನದಂಡದ ಪೆಟ್ರೋಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲು ಮೀರುವಂತಿಲ್ಲ, ಅದು ಒಳ್ಳೆಯದೇ. ಆದರೆ ಆರೊಮ್ಯಾಟಿಕ್ ಎನ್ನುವ ಉಂಗುರ ರಚನೆಯ ಹೈಡ್ರೊಕಾರ್ಬನ್‌ಗಳು ಶೇ 35ರವರೆಗೆ, ಅವುಗಳಲ್ಲೊಂದಾದ ಬೆಂಜೀನ್ ಶೇ 1ರವರೆಗೆ ಇರಬಹುದು. ಎಂಜಿನ್ನಿಗೆ ಇವು ಬೇಕು, ಬತ್ತಿಗೆ ಬೇಡ. ಉಂಗುರದ ಅಣುಗಳು ಪೂರ್ತಿ ಉರಿಯದೆ ಮಸಿಯಾಗುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಬತ್ತಿ ಲೈಟರಿಗೆ ಬಿಗಿಯಾದ ಮುಚ್ಚಳವಿಲ್ಲ, ಒಳಗಿನ ಆವಿ ಹಗಲೂ ರಾತ್ರಿ ಸೋರುತ್ತಲೇ ಇರುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು, ಮುಖದ ಮುಂದೆ ಹಚ್ಚುತ್ತೇವೆ. ಆಪತ್ತಿಗೆ ಒಮ್ಮೆ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ, ನಿತ್ಯದ ರೂಢಿಗೆ ಮಾತ್ರ ನಾನು ಬೇಡವೆನ್ನುತ್ತೇನೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ ಬೆರೆತಿದೆ.

ಹಾಗಾದರೆ ಬರೀ ಎಥನಾಲನ್ನೇ ಹಾಕಿದರೆ? ಮಸಿಯ ಕಾಟ ಇಲ್ಲವೇ ಇಲ್ಲ ಎನ್ನಬಹುದು. ಸ್ಪಿರಿಟ್ ತುಂಬಿದ ಲೈಟರ್ ಬೆಚ್ಚಗಿನ ದಿನ ಹತ್ತುತ್ತದೆ, ಸಕಲೇಶಪುರದ ಡಿಸೆಂಬರಿನ ಬೆಳಗ್ಗೆ ಸತಾಯಿಸುತ್ತದೆ. ಒಂದು ಕಿಲೊ ಎಥನಾಲ್ ಕೊಡುವ ಶಾಖ ಸುಮಾರು 27 ಮೆಗಾಜೂಲ್, ನ್ಯಾಫ್ತಾ ಕೊಡುವುದು ಸುಮಾರು 44. ಅಂದರೆ ಅಷ್ಟೇ ತುಂಬಿದರೂ ಲೈಟರ್ ಬೇಗ ಬರಿದಾಗುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರು ಮೊದಲೇ ಇರುತ್ತದೆ, ಬತ್ತಿ ಒದ್ದೆಯಾಗಿ ಕೂರುತ್ತದೆ. ಇವೆಲ್ಲ ಕಿರಿಕಿರಿ, ಅಪಾಯ ಬೇರೆಯೇ ಇದೆ: ಇದರ ತಿಳಿನೀಲಿ ಜ್ವಾಲೆ ಹಗಲು ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಲೈಟರ್ ಆರಿದೆ ಎಂದುಕೊಂಡು ಬೆರಳು ಇಟ್ಟರೆ ಸುಟ್ಟ ಮೇಲಷ್ಟೇ ಗೊತ್ತಾಗುವುದು. ಮೆಥನಾಲಿಗೂ ಇದೇ ದೋಷ, ಜತೆಗೆ ಅದು ವಿಷ. ಅಸಿಟೋನ್, ಅಂದರೆ ಉಗುರು ಬಣ್ಣ ತೆಗೆಯುವ ದ್ರವ, ಸೊಗಸಾಗಿ ಹತ್ತುತ್ತದೆ, ಆದರೆ ಲೈಟರಿನ ಬಣ್ಣವನ್ನೂ ಕೆಲವು ಪ್ಲಾಸ್ಟಿಕ್‌ಗಳನ್ನೂ ಕರಗಿಸುತ್ತದೆ.

ಗ್ಯಾಸ್ ಲೈಟರಿನ ಲೆಕ್ಕ ಪೂರ್ತಿ ಬೇರೆ. ಅದರೊಳಗಿನ ಬ್ಯುಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅದನ್ನು ದ್ರವವಾಗಿ ಹಿಡಿದಿಟ್ಟಿರುವುದು ಒತ್ತಡ. 30 ಡಿಗ್ರಿ ಬಿಸಿಲಿನಲ್ಲಿ ಇದು ವಾತಾವರಣದ ಒತ್ತಡದ ಮೂರು ಪಟ್ಟಿನ ಹತ್ತಿರ. ಲೈಟರಿನ ಪ್ಲಾಸ್ಟಿಕ್ ಗೋಡೆ, ಪುಟ್ಟ ಕವಾಟ ಎಲ್ಲ ಇದಕ್ಕೆ ತಕ್ಕಂತೆ ತಯಾರಾದವು. ಅಡುಗೆ ಸಿಲಿಂಡರಿನ ಗ್ಯಾಸಿನಲ್ಲಿ ಬ್ಯುಟೇನ್ ಜತೆಗೆ ಪ್ರೊಪೇನ್ ಇದೆ. ಅದೇ 30 ಡಿಗ್ರಿಯಲ್ಲಿ ಶುದ್ಧ ಪ್ರೊಪೇನಿನ ಒತ್ತಡ ಹತ್ತು ಪಟ್ಟು ದಾಟುತ್ತದೆ, ಮಿಶ್ರಣದ್ದು ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಸಿಲಿಂಡರಿನಿಂದ ಲೈಟರಿಗೆ ಗ್ಯಾಸ್ ಇಳಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಂಥ ಲೈಟರ್ ಸಿಡಿದರೆ ಆಶ್ಚರ್ಯವಿಲ್ಲ. ಆಮದು ಬೆಲೆ 20 ರೂಪಾಯಿಗಿಂತ ಕಡಿಮೆಯಿರುವ ಲೈಟರುಗಳ ಆಮದನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದ್ದರಿಂದ ತುಂಬಿಸಿಕೊಳ್ಳುವ ಲೈಟರಿನ ಮೇಲೆ ಒಲವು ಬಂದಿದ್ದರೆ, ಲೈಟರಿಗೆಂದೇ ಮಾರುವ ಬ್ಯುಟೇನ್ ಡಬ್ಬಿಯನ್ನೇ ಕೊಳ್ಳಿ.

ಬತ್ತಿ ಲೈಟರಿಗೆ ಏನೇ ಹಾಕಿ, ಒಳಭಾಗವನ್ನು ಕವಚದಿಂದ ಹೊರತೆಗೆದು ನಿಧಾನವಾಗಿ ಸುರಿಯಿರಿ. ದ್ರವ ಹತ್ತಿಯ ಮೇಲ್ಮೈಗೆ ಬಂದೊಡನೆ ನಿಲ್ಲಿಸಿ. ಹೆಚ್ಚಾದದ್ದು ಕವಚದ ಸಂದಿನಲ್ಲಿ ಇಳಿದು ಪ್ಯಾಂಟಿನ ಜೇಬು ನೆನೆಸುತ್ತದೆ, ಗಂಟೆಗಟ್ಟಲೆ ತೊಡೆಗೆ ಒತ್ತಿಕೊಂಡಿದ್ದರೆ ಚರ್ಮ ಬೊಬ್ಬೆಯೇಳುತ್ತದೆ. ತುಂಬಿದ ಮೇಲೆ ಕೈ ಒರೆಸಿಕೊಂಡು ಕೆಲವು ನಿಮಿಷ ಬಿಟ್ಟು ಗಾಲಿ ತಿರುಗಿಸಿ. ಸುಮ್ಮನೆ ಇಟ್ಟರೂ ಒಂದೆರಡು ವಾರದಲ್ಲಿ ಎಣ್ಣೆ ಆರಿಹೋಗುವುದರಿಂದ, ಹಿಮಾಲಯಕ್ಕೆ ಚಾರಣ ಹೊರಟವರು ಮನೆಯಲ್ಲಿ ತುಂಬಿಟ್ಟುಕೊಂಡು ಉಪಯೋಗವಿಲ್ಲ. ವಿಮಾನ ಹತ್ತುವವರಾದರೆ ನಮ್ಮ ದೇಶದಲ್ಲಿ ಲೈಟರನ್ನು ಕೈಚೀಲದಲ್ಲಾಗಲಿ ಲಗೇಜಿನಲ್ಲಾಗಲಿ ಒಯ್ಯುವಂತೆಯೇ ಇಲ್ಲ, ಲೈಟರೂ ಎಣ್ಣೆಯೂ ಎರಡನ್ನೂ ಅಲ್ಲಿಗೆ ಹೋಗಿಯೇ ಕೊಳ್ಳಬೇಕು.