ಹಲವು ದನಿ, ಒಂದೇ ಗುಮ್ಮಟ

ವಿಜಯಪುರದ ಗೋಳಗುಮ್ಮಟವನ್ನು ಏರಿದವರಿಗೆ ಅಲ್ಲಿಯ ಗದ್ದಲದ ಅನುಭವ ಇದ್ದೇ ಇರುತ್ತದೆ. ಶಾಲೆಯ ಹುಡುಗರ ತಂಡವೊಂದು ಒಳಸುತ್ತಿನ ಮೊಗಸಾಲೆಯಲ್ಲಿ ನಿಂತು ಕೂಗಿದರೆ, ಗುಮ್ಮಟವು ಒಬ್ಬೊಬ್ಬನ ಕೂಗನ್ನೂ ಹಲವು ಸಲ ಮರಳಿಸುತ್ತದೆ. ಇಪ್ಪತ್ತು ಹುಡುಗರಿಗೆ ಇಪ್ಪತ್ತು ಗುಮ್ಮಟಗಳು ಬೇಕಾಗುವುದಿಲ್ಲ. ಇದೇನು ಹೇಳಬೇಕಾದ ಮಾತೇ ಎಂದು ವಾಚಕರಿಗೆ ತೋರಬಹುದು. ಆದರೆ ಗಣಕಯಂತ್ರದಲ್ಲಿ ಸಂಗೀತವನ್ನು ಜೋಡಿಸಹೊರಟವರು ಮೊದಲು ಮರೆಯುವುದು ಇದನ್ನೇ.

ಕಳೆದ ವರ್ಷ ನನ್ನ ವಿದ್ಯಾರ್ಥಿಯೊಬ್ಬನು ಕಾಲೇಜಿನ ವೃಂದಗಾನವನ್ನು ಒಂದು ಚಿಕ್ಕ ಕೋಣೆಯಲ್ಲಿ ಒಬ್ಬೊಬ್ಬರಿಂದಲೇ ಹಾಡಿಸಿ, ನುಡಿಸಿ ಮುದ್ರಿಸಿಕೊಂಡಿದ್ದನು. ಎಂಟು ಕಂಠಗಳು, ವೀಣೆ, ಪಿಟೀಲು, ಮೃದಂಗ, ತಂಬೂರಿ. ಒಟ್ಟು ಹನ್ನೆರಡು ಟ್ರ್ಯಾಕುಗಳು. ದೊಡ್ಡ ಸಭಾಂಗಣದ ಅನುರಣನವನ್ನು ಕೂಡಿಸಬೇಕೆಂದು ಅವನು ಪ್ರತಿಯೊಂದು ಟ್ರ್ಯಾಕಿಗೂ ಒಂದೊಂದು ‘ರಿವರ್ಬ್’ ಸಾಧನವನ್ನು ಹೊಂದಿಸಿದನು. ಲ್ಯಾಪ್‌ಟಾಪು ಭಾರ ತಾಳಲಾರದೆ ತಡವರಿಸತೊಡಗಿತು. ಅಷ್ಟೇ ಅಲ್ಲ; ಹನ್ನೆರಡರ ಅಳತೆಗಳೂ ಬೇರೆಬೇರೆಯಾಗಿದ್ದುದರಿಂದ, ವೃಂದದವರು ಹನ್ನೆರಡು ಮನೆಗಳಲ್ಲಿ ಕುಳಿತು ಹಾಡಿದಂತಿತ್ತು.

ಇದಕ್ಕೆ ಪರಿಹಾರವೇ ‘ಬಸ್’. ಬೀದಿಯ ಬಸ್ಸಿಗೂ ಇದಕ್ಕೂ ಹೆಸರಿನ ನಂಟುಂಟು: ಎರಡೂ ‘ಎಲ್ಲರಿಗಾಗಿ’ ಎಂಬರ್ಥದ ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದಿಂದ ಬಂದವು. ವಿದ್ಯುತ್ ಕೇಂದ್ರಗಳಲ್ಲಿ ಹಲವು ತಂತಿಗಳು ಕೂಡುವ ದಪ್ಪ ಲೋಹದ ಪಟ್ಟಿಗೂ ಇದೇ ಹೆಸರು. ಹಳೆಯ ಮಿಕ್ಸರುಗಳಲ್ಲಿ ಬಸ್ಸೆಂದರೆ ನಿಜವಾದ ತಂತಿಯೇ. ತಂತ್ರಾಂಶದಲ್ಲಿ ತಂತಿಯಿಲ್ಲ, ಸಂಕಲನವಿದೆ. ಒಂದೊಂದು ಟ್ರ್ಯಾಕೂ ಸೆಕೆಂಡಿಗೆ, ಹೇಳೋಣ, 48,000 ಸಂಖ್ಯೆಗಳ ಸಾಲು. ಪ್ರತಿಯೊಂದರಿಂದಲೂ ‘ಸೆಂಡ್’ ಎಂಬ ಗುಂಡಿಯ ಮೂಲಕ ಬೇಕಾದಷ್ಟು ಪಾಲನ್ನು ತೆಗೆದು, ಆಯಾ ಕ್ಷಣದ ಸಂಖ್ಯೆಗಳನ್ನು ಕೂಡಿ, ಮೊತ್ತವನ್ನು ‘ಆಕ್ಸ್’ ಅಥವಾ ಸಹಾಯಕ ಚಾನೆಲಿಗೆ ಒಪ್ಪಿಸಲಾಗುತ್ತದೆ. ಬಸ್ಸು ದಾರಿ, ಆಕ್ಸ್ ಚಾನೆಲು ಆ ದಾರಿ ಮುಟ್ಟುವ ಊರು. ರಿವರ್ಬು ಆ ಊರಿನಲ್ಲಿ ಒಂದಿದ್ದರೆ ಸಾಕು. ಲಾಜಿಕ್ ತಂತ್ರಾಂಶದಲ್ಲಿ ಸೆಂಡಿಗೆ ಬಸ್ಸನ್ನು ಆರಿಸಿದೊಡನೆ ಆಕ್ಸ್ ಚಾನೆಲು ತಾನಾಗಿ ಹುಟ್ಟುತ್ತದೆ. ರೀಪರ್‌ನಲ್ಲಿ ಯಾವ ಟ್ರ್ಯಾಕನ್ನಾದರೂ ಆ ಕೆಲಸಕ್ಕೆ ನೇಮಿಸಬಹುದು.

ಹಿಂದಿನವರಿಗೆ ಹನ್ನೆರಡು ರಿವರ್ಬುಗಳ ಆಸೆ ಹುಟ್ಟುವಂತೆಯೇ ಇರಲಿಲ್ಲ. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆ ಹೊರತಂದ ‘140’ ಎಂಬ ಸಾಧನದಲ್ಲಿ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಎತ್ತರದ ತೆಳು ಉಕ್ಕಿನ ತಗಡೊಂದನ್ನು ಚೌಕಟ್ಟಿನಲ್ಲಿ ಬಿಗಿದು ಕಂಪಿಸುವಂತೆ ಮಾಡುತ್ತಿದ್ದರು. ಅದರ ತೂಕ ಕಾಲು ಟನ್ನಿಗೂ ಮಿಗಿಲು! ಇದ್ದ ಒಂದನ್ನೇ ಎಲ್ಲ ದನಿಗಳೂ ಹಂಚಿಕೊಳ್ಳಬೇಕಾಗಿತ್ತು.

ಹಾಗೆ ಹಂಚಿಕೊಂಡರೆ ದನಿಗಳು ಒಂದನ್ನೊಂದು ಕೆಡಿಸಲಾರವೇ? ಇಲ್ಲಿ ನಮ್ಮ ನೆರವಿಗೆ ಬರುವುದು ಅಧ್ಯಾರೋಪಣ ತತ್ತ್ವ. ಅನುರಣನವು ರೇಖೀಯ ಕ್ರಿಯೆ: ವೀಣೆಯನ್ನೂ ಕಂಠವನ್ನೂ ಕೂಡಿಸಿ ಅನುರಣಿಸಿದರೂ, ಬೇರೆಬೇರೆಯಾಗಿ ಅದೇ ಬಗೆಯಲ್ಲಿ ಅನುರಣಿಸಿ ಆಮೇಲೆ ಕೂಡಿಸಿದರೂ ಫಲ ಒಂದೇ. ಆದರೆ ಈ ಸೌಕರ್ಯ ಎಲ್ಲ ಸಾಧನಗಳಿಗೂ ಸಲ್ಲದು. ‘ಕಂಪ್ರೆಸರ್’ ಎಂಬುದನ್ನು ನೋಡಿ. ಹತ್ತನ್ನು ಮೀರಿದ ಭಾಗವನ್ನು ಅದು ಅರ್ಧಕ್ಕಿಳಿಸುವುದೆಂದು ಇಟ್ಟುಕೊಳ್ಳೋಣ. ಎಂಟೆಂಟರ ಎರಡು ದನಿಗಳನ್ನು ಬೇರೆಬೇರೆಯಾಗಿ ಕೊಟ್ಟರೆ ಅದು ಮುಟ್ಟುವುದಿಲ್ಲ, ಮೊತ್ತ 16. ಬಸ್ಸಿನಲ್ಲಿ ಕೂಡಿಸಿ ಕೊಟ್ಟರೆ 13 ಆಗುತ್ತದೆ. ಮೃದಂಗದ ಪೆಟ್ಟು ಬಿದ್ದಾಗಲೆಲ್ಲ ಗಾಯಕಿಯ ದನಿಯೂ ತಗ್ಗುತ್ತದೆ. ಹೀಗೆ ತಗ್ಗುವುದೇ ಬೇಕೆನ್ನುವವರೂ ಇದ್ದಾರೆ. ಅದು ರುಚಿಯ ಮಾತು. ಆದರೆ ಎರಡೂ ಒಂದೇ ಎಂದು ಬಗೆಯಕೂಡದು.

ಇಷ್ಟನ್ನೆಲ್ಲ ನಾನು ಹುಡುಗನಿಗೆ ಗಂಭೀರವಾಗಿ ಬೋಧಿಸಿದೆನು. ಮರುದಿನ ಅವನು ತಂದ ಹಾಡಿನಲ್ಲಿ ತಡವರಿಕೆ ಹೋಗಿತ್ತು. ಆದರೆ ಕಂಠಗಳು ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗಿದ್ದವು. ತಪ್ಪು ನನ್ನ ಬೋಧನೆಯದೇ. ಆಕ್ಸ್ ಚಾನೆಲಿನ ರಿವರ್ಬಿನಿಂದ ಅನುರಣನ ಮಾತ್ರ ಹೊರಬರಬೇಕು, ಮೂಲ ದನಿ ಬರಕೂಡದು ಎಂಬುದನ್ನು ಹೇಳಲು ಮರೆತಿದ್ದೆನು. ಮೂಲ ದನಿಯು ನೇರದಾರಿಯಲ್ಲಿ ಒಮ್ಮೆ, ಆಕ್ಸ್ ದಾರಿಯಲ್ಲಿ ಇನ್ನೊಮ್ಮೆ ಬರುತ್ತಿತ್ತು. ಅದೂ 24 ಸಂಖ್ಯೆಗಳಷ್ಟು ತಡವಾಗಿ. ಇಂಥ ವಿಳಂಬವನ್ನು ತಂತ್ರಾಂಶವು ತಾನೇ ಸರಿದೂಗಿಸಬಲ್ಲುದು. ಹುಡುಗನು ಮುದ್ರಣದ ವೇಳೆಯಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿ, ಮತ್ತೆ ಹಾಕಿರಲಿಲ್ಲ. 48,000ದಲ್ಲಿ 24 ಎಂದರೆ ಸೆಕೆಂಡಿನ ಎರಡು ಸಾವಿರದ ಒಂದಂಶ. 1,000 ಹರ್ಟ್ಸ್ ಆವೃತ್ತಿಯ ಅಲೆಗೆ ಇದು ಸರಿಯಾಗಿ ಅರ್ಧ ಕಂಪನ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಯುತ್ತವೆ. 3,000, 5,000ಗಳ ಗತಿಯೂ ಅದೇ. 2,000, 4,000ಗಳಾದರೋ ಉಬ್ಬಿ ನಿಲ್ಲುತ್ತವೆ. ಪ್ರಯೋಗಶಾಲೆಯಲ್ಲಿ ನಾವು ಬೆಳಕಿನಿಂದ ತೋರಿಸುವ ವ್ಯತಿಕರಣವೇ ಇದು. ವರ್ಷವರ್ಷವೂ ಅದನ್ನು ಪಾಠ ಹೇಳುವವನ ಕಿವಿಗೆ ಅದು ಗೊತ್ತಾಗಲು ಅರ್ಧ ಗಂಟೆ ಹಿಡಿಯಿತು.

ರಿವರ್ಬಿನ ಮೂಲದನಿಯ ಗುಂಡಿಯನ್ನು ಸೊನ್ನೆಗಿಳಿಸಿದಾಗ ಕಂಠಗಳು ತಿಳಿಯಾದವು. ಉಳಿದದ್ದು ಹಾಡಿನ ಕೊನೆ. ಸೆಂಡಿಗೆ ಎರಡು ಬಗೆಯುಂಟು. ‘ಫೇಡರ್’ ಎಂಬ ಮಟ್ಟದ ಹಿಡಿಯ ನಂತರ ಪಾಲು ತೆಗೆದರೆ, ದನಿ ತಗ್ಗಿದಂತೆ ಅನುರಣನವೂ ತಗ್ಗುತ್ತದೆ. ಅದಕ್ಕೆ ಮೊದಲೇ ತೆಗೆದರೆ, ಹಿಡಿಯನ್ನು ಇಳಿಸಿದರೂ ಅನುರಣನ ಹಾಗೆಯೇ ಇರುತ್ತದೆ. ಸಭಾಂಗಣದಲ್ಲಿ ಹಾಡುಗಾರ್ತಿ ನಮ್ಮಿಂದ ದೂರ ಸರಿದಾಗ ಆಗುವುದೂ ಇದೇ ಬಗೆ: ನೇರ ದನಿ ಬೇಗ ಕುಗ್ಗುತ್ತದೆ, ಗೋಡೆಗಳಿಂದ ಮರಳುವ ದನಿ ಹೆಚ್ಚು ಕುಗ್ಗುವುದಿಲ್ಲ. ಹುಡುಗನು ಎರಡನೆಯ ಬಗೆಯನ್ನು ಆರಿಸಿ, ಕೊನೆಯ ಸಾಲಿನಲ್ಲಿ ಎಂಟು ಹಿಡಿಗಳನ್ನೂ ಮೆಲ್ಲನೆ ಕೆಳಗೆಳೆದನು. ಹಾಡುವವರು ಒಳಗೊಳಗೆ ನಡೆದುಹೋದರು. ಅವರು ಹೋದ ಮೇಲೂ ಸ್ವಲ್ಪ ಹೊತ್ತು ಸಭಾಂಗಣ ಹಾಡುತ್ತಲೇ ಇತ್ತು.