ನೆತ್ತಿಯ ಕಿಂಡಿ: ಶಿಶುಗಳ ಮಿದುಳಿನ ಸೋಂಕನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸುವ ಕ್ರಮ

ಹಸುಗೂಸಿನ ತಲೆಯ ಮೇಲೆ ಮೆತ್ತನೆಯ ಎಡೆಯೊಂದು ಮೆಲ್ಲಗೆ ಮಿಡಿಯುವುದನ್ನು ನಮ್ಮ ಮನೆಗಳ ಹಿರಿಯರೆಲ್ಲರೂ ಬಲ್ಲರು. ತಲೆಯ ಎಲುಬುಗಳು ಅಲ್ಲಿ ಇನ್ನೂ ಒಂದಕ್ಕೊಂದು ಸೇರಿರುವುದಿಲ್ಲ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ನೆತ್ತಿಯು ಕೂಡಿಕೊಳ್ಳುತ್ತದೆ. ಈ ಎಡೆಯನ್ನು ಕೆಲವರು ಬ್ರಹ್ಮರಂಧ್ರವೆನ್ನುವರಾದರೂ ಯೋಗಗ್ರಂಥಗಳಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವಿರುವುದರಿಂದ ಇಲ್ಲಿ ಅದನ್ನು ಬಳಸಿಲ್ಲ. ಕೂಡುವ ಮುನ್ನ ತೆರೆದಿರುವ ಈ ಕಿಂಡಿಯ ಮೂಲಕವೇ ವೈದ್ಯರು ಶಿಶುವಿನ ಮಿದುಳನ್ನು ಕಾಣಬಲ್ಲರು.

ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಗ್ರಹಿಸುವುದು. ಈ ಪರೀಕ್ಷೆಯ ಧ್ವನಿಯಲ್ಲಾದರೋ ಸಾಮಾನ್ಯವಾಗಿ 50 ಲಕ್ಷದಿಂದ 1 ಕೋಟಿ ಕಂಪನಗಳಿರುತ್ತವೆ. ಕೈಯಲ್ಲಿ ಹಿಡಿಯುವ ಶೋಧಕವನ್ನು ನೆತ್ತಿಯ ಮೇಲಿರಿಸಿದಾಗ ಧ್ವನಿಯು ಒಳಹೊಕ್ಕು, ಒಂದು ಪದಾರ್ಥವು ಮುಗಿದು ಮತ್ತೊಂದು ಮೊದಲಾಗುವ ಎಲ್ಲೆಗಳಲ್ಲಿ ಅಂಶತಃ ಮರಳುತ್ತದೆ. ಮಾರ್ದನಿ ಹಿಂದಿರುಗಲು ಹಿಡಿದ ಕಾಲದಿಂದ ಆಳವನ್ನೂ, ಅದರ ಬಲದಿಂದ ಬಿಳುಪು ಕಪ್ಪುಗಳನ್ನೂ ಯಂತ್ರವು ನಿರ್ಣಯಿಸುತ್ತದೆ. ತಿಳಿಯಾದ ದ್ರವವು ಕಪ್ಪಾಗಿ ತೋರುವುದು. ಎಲುಬು ಮಾತ್ರ ಈ ಧ್ವನಿಗೆ ದೊಡ್ಡ ತಡೆ. ಆಸ್ಟ್ರಿಯದ ವೈದ್ಯ ಕಾರ್ಲ್ ಡುಸಿಕ್ 1942ರಲ್ಲಿ ತಲೆಬುರುಡೆಯ ಮೂಲಕ ಧ್ವನಿಯನ್ನು ಹಾಯಿಸಿ ಮಿದುಳಿನ ಕುಹರಗಳನ್ನು ಚಿತ್ರಿಸಲೆಳಸಿದ ಪ್ರಯತ್ನವನ್ನು ಪ್ರಕಟಿಸಿದನು. ಆ ಚಿತ್ರಗಳಲ್ಲಿ ಕಂಡುದು ಬಹುಮಟ್ಟಿಗೆ ಬುರುಡೆಯ ಪ್ರಭಾವವೇ ಎಂದು ಮುಂದಿನ ದಶಕದಲ್ಲಿ ತಿಳಿದುಬಂದಿತು. ದೊಡ್ಡವರ ತಲೆಯಲ್ಲಿ ಸೋತ ಉಪಾಯವು ಕೂಸಿನ ತಲೆಯಲ್ಲಿ ಗೆದ್ದುದಕ್ಕೆ ನೆತ್ತಿಯ ಕಿಂಡಿಯೇ ಮುಖ್ಯ ಕಾರಣ.

ಮಿದುಳಿನ ಪೊರೆಗಳಿಗೆ ಬ್ಯಾಕ್ಟೀರಿಯಗಳು ತಗುಲಿದಾಗ, ಮಿದುಳಿನ ಮಡಿಕೆಗಳ ನಡುವಣ ಸಂದುಗಳು ಅಗಲಗೊಂಡು ಹೆಚ್ಚು ಬೆಳ್ಳಗೆ ಕಾಣಬಹುದು. ಸೋಂಕು ಕುಹರಗಳಿಗೂ ಇಳಿದರೆ ಅವುಗಳ ಒಳಗೋಡೆ ದಪ್ಪವಾಗಿ ಒರಟಾಗುತ್ತದೆ. ಕಪ್ಪಾಗಿರಬೇಕಾದ ದ್ರವದಲ್ಲಿ ಕೀವಿನ ಕಣಗಳೂ ಎಳೆಗಳೂ ತೇಲುತ್ತವೆ. ಆ ಎಳೆಗಳು ಹರಿವಿನ ದಾರಿಯನ್ನು ಕಟ್ಟಿದರೆ ಕುಹರಗಳು ಹಿಗ್ಗಿ ಮಿದುಳನ್ನು ಅದುಮುತ್ತವೆ. ಇದನ್ನು ಬೇಗನೆ ಕಂಡುಕೊಂಡರೆ ದ್ರವವನ್ನು ಹೊರಗೆಡಹುವ ಶಸ್ತ್ರಚಿಕಿತ್ಸೆಗೆ ಅವಕಾಶವುಂಟು. ಅಂಗಾಂಶದ ನಡುವೆ ಕೀವುಗಟ್ಟಿದ ಬಾವೂ ಹೀಗೆಯೇ ಗೋಚರವಾಗಬಹುದು. ಗರ್ಭದಲ್ಲಿಯೇ ತಗುಲುವ ಸೋಂಕುಗಳ ಗುರುತು ಬೇರೆ ತೆರನಾದುದು: ಸೈಟೊಮೆಗಲೊವೈರಸ್ಸಿನಿಂದ ಕುಹರಗಳ ಸುತ್ತ ಸುಣ್ಣದ ಕಣಗಳು ಕಟ್ಟುವುದುಂಟು, 2015ರಲ್ಲಿ ಬ್ರೆಜಿಲಿನಲ್ಲಿ ಹಬ್ಬಿದ ಜೀಕಾದಲ್ಲಿ ಅವು ಬಹುವಾಗಿ ಮಿದುಳಿನ ಹೊರಪದರದ ಕೆಳಗಂಚಿನಲ್ಲಿ ಕಂಡುಬಂದವು.

ಈ ಪರೀಕ್ಷೆಗೆ ಕೂಸನ್ನು ಹಾಸಿಗೆಯಿಂದ ಕದಲಿಸಬೇಕಾಗಿಲ್ಲ, ಮದ್ದಿತ್ತು ಮಲಗಿಸಬೇಕಾಗಿಲ್ಲ. ಕ್ಷಕಿರಣದ ಸೋಂಕೂ ಇಲ್ಲ. ಆದುದರಿಂದ ದಿನಬಿಟ್ಟು ದಿನವಾದರೂ ನೋಡಿ, ಕುಹರವು ಹಿಗ್ಗುತ್ತಿದೆಯೋ ಇಲ್ಲವೋ ಎಂದು ಅಳೆಯಬಹುದು. ಆದರೆ ಇದರ ಮೇಲೆ ಸಲ್ಲದ ಭಾರವನ್ನು ಹೊರಿಸಲಾಗದು. ಸೋಂಕಿನ ಮೊದಲ ದಿನಗಳಲ್ಲಿ ಚಿತ್ರವು ಪೂರ್ತಿ ನಿರ್ದೋಷವಾಗಿರಬಹುದು. ಯಾವ ಜೀವಾಣುವೆಂಬುದನ್ನಂತೂ ಚಿತ್ರವು ಹೇಳಲಾರದು. ಅದಕ್ಕೆ ಬೆನ್ನುಮೂಳೆಗಳ ನಡುವಿನಿಂದ ತೆಗೆದ ದ್ರವವನ್ನೇ ಪರೀಕ್ಷಿಸಬೇಕು. ಜ್ವರದಿಂದ ಬಳಲಿ ಹಾಲು ಬಿಟ್ಟ ಕೂಸಿನಲ್ಲಿ ಈ ರೋಗದ ಶಂಕೆ ಬಂದರೆ, ಚಿತ್ರಕ್ಕಾಗಿ ಕಾಯದೆ ಔಷಧವನ್ನು ಮೊದಲುಮಾಡುವುದೇ ವೈದ್ಯಸಮ್ಮತವಾದ ಕ್ರಮವಾಗಿದೆ.